ಒಬ್ಬರಿಗೇ ಕೇಳುವ ಫೋನು

ಸಂತೆಬಾಚಹಳ್ಳಿ
12-11-1998

ಚಿ. ಸೌ. ಹೇಮಶ್ರೀಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ. ನಿಮ್ಮತ್ತೆ ಮನೆಗೆ ಬರೆದರೆ ಯಾರು ಒಡೆದು ಓದುತ್ತಾರೋ ಎಂದು ನೀನು ಪಾಠ ಹೇಳುವ ಶಾಲೆಯ ವಿಳಾಸ ಹಾಕುತ್ತಿದ್ದೇನೆ.

ಮೈಸೂರಿನಿಂದ ತಂದಿದ್ದ ಆ ಸ್ಪೀಕರ್ ಫೋನನ್ನು ಕೃಷ್ಣರಾಜಪೇಟೆಯ ಅಂಗಡಿಗೆ ಕೊಟ್ಟು, ಬದಲಿಗೆ ಬೆರಳಿಟ್ಟು ತಿರುಗಿಸುವ ಹಳೇ ಕರಿ ಫೋನು ತಂದೆ. "ಏನ್ ಗೌಡ್ರೆ, ಎಲ್ರೂ ಹಳೇದು ಕೊಟ್ಟು ಹೊಸ್ದು ತಕೊಂಡೋಯ್ತಾರೆ, ನೀವು ಇಂಗೆ ಉಲ್ಟಾ?" ಎಂದು ಅಂಗಡಿಯವನು ನಕ್ಕ. ಕರೆಂಟು ಹೋದರೆ ಅದು ಕೆಲಸ ಮಾಡಲ್ಲ ಎಂದೆ. ಡೇರಿಯಲ್ಲೂ ಅದನ್ನೇ ಹೇಳಿದೆ. ನಿನಗೆ ಆ ಸುಳ್ಳು ಬೇಡ.

ಫೋನು ಬಂದರೆ ಗುಂಡಿ ಒತ್ತಿ ಮನೆಮಂದಿಗೆಲ್ಲ ಕೇಳಿಸುವುದು ನನ್ನ ಚಾಳಿ, ನೀನೇ ಬಲ್ಲೆ. ಊರಲ್ಲಿ ಅಂಥದ್ದು ಇನ್ನೊಂದಿಲ್ಲ ಎಂಬ ಜಂಬ ಬೇರೆ. ಕಳೆದ ಭಾನುವಾರ ಪಾಂಡವಪುರದ ದ್ಯಾವಯ್ಯನವರು ಮಗನನ್ನು ಕರೆದುಕೊಂಡು ನಿನ್ನ ತಂಗಿ ಅರ್ಪಿತಳನ್ನು ನೋಡಲು ಬಂದಿದ್ದರು. ಅವಳು ಕಾಫಿ ತಂದಿಡುವ ಹೊತ್ತಿಗೇ ಫೋನು ಬಂತು. ಅವರೆದುರು ದೊಡ್ಡಸ್ತಿಕೆ ತೋರಿಸಲು ಗುಂಡಿ ಒತ್ತಿದೆ. "ಅಪ್ಪಾ, ಇವ್ರು ತಿರ್ಗಾ ಹೊಡುದ್ರು ಕಣಪ್ಪಾ. ನಾನು ಬಂದ್ಬುಡ್ಲಾ?" ಎಂದು ನೀನು ಅತ್ತಿದ್ದು ನಡುಮನೆಗೆಲ್ಲ ಕೇಳಿತು. ಅಷ್ಟರಲ್ಲಿ ಲೈನು ಕಟ್ಟಾಯಿತು. ನೀನು ಏನೆಂದುಕೊಂಡೆಯೋ.

ಈಗಿನ ಫೋನಿನಲ್ಲಿ ನೀನಾಡಿದ್ದು ನನ್ನೊಬ್ಬನ ಕಿವಿಗೇ. ಧೈರ್ಯವಾಗಿ ಮಾತಾಡು. ಅರ್ಪಿತಳ ಸಂಬಂಧ ಕುದುರಿದೆ, ಬರುವ ಭಾನುವಾರ ವೀಳ್ಯಶಾಸ್ತ್ರ. ಅದೊಂದು ಮುಗಿಯುವ ತನಕ ಹಲ್ಲು ಕಚ್ಚಿಕೊಂಡಿರು, ಆಮೇಲೆ ನಾನೇ ನಾಗಮಂಗಲಕ್ಕೆ ಬಂದು ಅಳಿಯಂದಿರ ಹತ್ತಿರ ಮಾತಾಡುತ್ತೇನೆ. ಹೆತ್ತ ಮಗಳಿಗೆ ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆದಿದ್ದೇನೆ.

ಇಂತಿ ನಿನ್ನ ಅಪ್ಪ,
ರಂಗಸ್ವಾಮಿ

ವಿ. ಸೂ.: ಲೈನು ಕಟ್ಟಾಗಲಿಲ್ಲ ಮಗಳೇ. ನಾನೇ ಇಟ್ಟೆ. ದ್ಯಾವಯ್ಯನವರು ನನ್ನ ಮುಖ ನೋಡಿದರು. ಯಾರೋ, ರಾಂಗ್ ನಂಬರು ಎಂದೆ. ನೀನು ಮತ್ತೆ ಮಾಡಿದೆ, ಗಂಟೆ ಹೊಡೆದೂ ಹೊಡೆದೂ ನಿಂತಿತು. ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದ ನಿಮ್ಮವ್ವ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಇಷ್ಟು ಬರೆದು ಅಂಟು ಹಚ್ಚುವಾಗ ಅರ್ಪಿತ ಕಾಗದ ಕಿತ್ತುಕೊಂಡು ಓದಿದಳು. "ಅಪ್ಪಾ, ಅಕ್ಕ ಅಳಾದು ಯಾರ್ಗೂ ಕೇಳ್ಬಾರ್ದು ಅಂತಾನಾ ಈ ಫೋನು?" ಎಂದಳು. ಹೌದು ಎಂದೆ. ಅದೇ ಫೋನಿನಿಂದ ಪಾಂಡವಪುರಕ್ಕೆ ಮಾತಾಡಿ, ಅವತ್ತು ಅತ್ತದ್ದು ನಮ್ಮಕ್ಕ ಎಂದು ಹೇಳಿಬಿಟ್ಟಳು. ಅವರು ಏನಂದರೋ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಈ ಕಾಗದ ಹಿಡಿದು ನಾಗಮಂಗಲದ ಬಸ್ಸಿಗೆ ಹೊರಟಿದ್ದಾಳೆ. ಅವಳ ಜೊತೆ ಬಂದುಬಿಡು ತಾಯಿ.