ಕರೆಂಟ್ ಹೋದ ಮಧ್ಯಾಹ್ನ

ಬ್ಯಾಡಗಿ, ಜೂನ್ ೧೨

ದೂರವಾಣಿ ಕಚೇರಿಯ ಹಿರಿಯ ಅಧಿಕಾರಿಗಳಿಗೆ ನಮಸ್ಕಾರ.

ನಮ್ಮ ಯಜಮಾನರು ಮೈಲಾರೆಪ್ಪನವರಿಗೆ ಕಣ್ಣು ಕಾಣುತ್ತಿರಲಿಲ್ಲ. ಮೊಬೈಲ್ ಅವರಿಗೆ ಒಗ್ಗಲಿಲ್ಲ. ಮನೆಯ ಫೋನಿನ ಗುಂಡಿಗಳನ್ನು ಬೆರಳಿನಿಂದ ತಡವಿ ನನ್ನ ನಂಬರು ಒತ್ತುತ್ತಿದ್ದರು. ಕಳೆದ ವರ್ಷ ಇಂಟರ್‌ನೆಟ್ ಸಿಗುತ್ತದೆಂದು ನಾನು ಹಳೆಯ ತಂತಿ ತೆಗೆಸಿ ಹೊಸ ಲೈನ್ ಹಾಕಿಸಿದೆ.

“ಕರೆಂಟ್ ಹೋದ್ರ ಇದು ನಡೀತೈತೇನ?” ಎಂದು ಕೇಳಿದ್ದರು.

“ಹೋದ್ರ ಎಷ್ಟೊತ್ತು ಹೋಗ್ತೈತಿ? ಬಿಡ್ರಿ” ಎಂದಿದ್ದೆ.

ಮೇ ತಿಂಗಳ ಗಾಳಿಗೆ ಕಂಬ ಬಿದ್ದು ಮಧ್ಯಾಹ್ನವೆಲ್ಲ ಕರೆಂಟ್ ಇರಲಿಲ್ಲ, ಹೊಸ ಲೈನಿನ ಫೋನೂ ನಡೆಯಲಿಲ್ಲ. ನಾನು ಹಾವೇರಿಯಲ್ಲಿ ಕೆಲಸದ ಮೇಲಿದ್ದೆ. ಸಂಜೆ ಬಂದಾಗ ಅವರು ಫೋನಿನ ಪಕ್ಕ ಗೋಡೆಗೆ ಒರಗಿ ಕುಳಿತಿದ್ದರು. ರಿಸೀವರ್ ಮಡಿಲಲ್ಲಿತ್ತು. ಎದೆನೋವಿನಿಂದ ಜೀವ ಹೋಗಿ ಎರಡು ತಾಸಾಗಿದೆ ಎಂದರು ಡಾಕ್ಟರು.

ಇದು ದೂರಲ್ಲ. ಪಕ್ಕದ ಮನೆಯ ಮಾಸುಮಬಿಯವರ ದೃಷ್ಟಿಯೂ ಮಂದವಾಗಿದೆ. ಅವರ ಹಳೆಯ ಫೋನ್ ಕರೆಂಟ್ ಇಲ್ಲದಿದ್ದರೂ ನಡೆಯುತ್ತದೆ. ಅದನ್ನು ಬದಲಿಸಲು ಮಗ ಜಾವೇದ ಅರ್ಜಿ ಕೊಟ್ಟಿದ್ದಾನೆ. ದಯವಿಟ್ಟು ಮೊದಲು ಮಾಸುಮಬಿಯವರನ್ನೇ ಕೇಳಿ. ಬೇಡವೆಂದರೆ ಆ ತಂತಿ ತೆಗೆಯಬೇಡಿ.

ನಮ್ಮ ಅರ್ಜಿಗೆ ಸಹಿ ಮಾಡಿದವಳು ನಾನು. ಯಜಮಾನರ ಒಪ್ಪಿಗೆ ಕೇಳಿರಲಿಲ್ಲ.

ಇಂತಿ,
ಅರುಣಾ ಮೈಲಾರೆಪ್ಪ