ಜೋಡಿ ನಕ್ಷತ್ರದ ತೂಕ

ಉದಗೀರ, ಮಾರ್ಚ್ 1926

ನನ್ನ ಮುದ್ದಿನ ಯಜಮಾನರಿಗೆ, ನಿಮ್ಮ ಶಿವಕಾಂತಾ ಗಾಬರಿಯಲ್ಲಿ ಬರೆಯುವುದು.

ವೇಧಶಾಲೆಯ ಸಾಹೇಬರಿಗೆ ನಾನು ಮಾಡಿಕೊಟ್ಟ ಲೆಕ್ಕ ತೋರಿಸಬೇಡಿರಿ. ಲುಬ್ಧಕ ನಕ್ಷತ್ರದ ಜೊತೆಗಿರುವ ಬಿಳಿ ಕುಬ್ಜವೆಂಬ ಪುಟ್ಟ ನಕ್ಷತ್ರದ ತೂಕ ಮೂರೂವರೆ ಸೂರ್ಯರಷ್ಟು ಎಂದು ಬರೆದೆನಲ್ಲ, ಅದು ಎರಡೂ ನಕ್ಷತ್ರಗಳು ಸೇರಿದ ತೂಕ. ಒಂದರ ಸೆಳೆತಕ್ಕೆ ಇನ್ನೊಂದು ಎಷ್ಟು ಓಲಾಡುತ್ತದೆ ಎಂದು ನೋಡಿ ಪಾಲು ಮಾಡುವುದನ್ನೇ ಮರೆತೆ. ಕುಬ್ಜಕ್ಕೆ ಬರುವುದು ಸುಮಾರು ಒಂದೇ ಸೂರ್ಯನಷ್ಟು. ಮದುವೆಯಾದ ವಾರ, ಪಕ್ಕದಲ್ಲಿ ನೀವು. ಲೆಕ್ಕ ಹೇಗೆ ನೆಟ್ಟಗಾದೀತು?

"ಅಂವಾ ಹೋಗಿ ಇನ್ನಾ ಮೂರ್ ದಿನಾ ಆಗಿಲ್ಲ, ಈಗೇ ಕಾಗದಾ ಏನವ್ವಾ?" ಎಂದು ಅತ್ತೆ ನಗುತ್ತಿದ್ದಾರೆ. ಈ ತಪ್ಪಿಗೆ ನಿಮ್ಮ ಹೊಸ ನೌಕರಿಯೇ ಹೋದೀತೆಂದು ಅವರಿಗೆ ಹೇಗೆ ಹೇಳಲಿ?

ತೋರಿಸಿಬಿಟ್ಟಿದ್ದರೆ ನನ್ನ ಹೆಸರು ಹೇಳಿರಿ. ಹೆಂಡತಿಯಿಂದ ಲೆಕ್ಕ ಮಾಡಿಸಿದನೆಂದು ಸಾಹೇಬರು ನಗಲಿ, ನಕ್ಕು ನೌಕರಿಯಲ್ಲಿ ಉಳಿಸಿಕೊಳ್ಳಲಿ.

ನಿಮ್ಮವಳೇ,
ಶಿವಕಾಂತಾ