ಹೆಸರು ಬರೆದ ಕೇಕು

ರಾಮನಗರ
18 ಜನವರಿ 2026, ಭಾನುವಾರ

ಪ್ರೀತಿಯ ಭಾನು,

ಬೆಣ್ಣೆ ಹತ್ತಿದ ಕೈಯಿಂದಲೇ ಹರಸುತ್ತಿದ್ದೇನೆ, ಕಾಗದದ ಮೇಲೆ ಕಲೆ ಕಂಡರೆ ಬೈಯಬೇಡ. ಸಂಕ್ರಾಂತಿಗೆ ಮುಂಚೆಯೇ ಬರೆಯಬೇಕು ಅಂತಿದ್ದೆ, ತಡವಾಯಿತು. ಎಳ್ಳಿನ ಬಿಸ್ಕತ್ತಿಗೆ ಆ ಪಾಟಿ ಆರ್ಡರ್ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ತಲೆ ಬಾಚಿಕೊಳ್ಳಲೂ ಪುರುಸೊತ್ತಿರಲಿಲ್ಲ. ಅಳಿಯಂದಿರು ಹೇಗಿದ್ದಾರೆ? ನಿಮ್ಮತ್ತೆಯ ಮಂಡಿನೋವು ಇಳಿಯಿತೇ?

ಫೋನಿರುವಾಗ ಇದೇನು ಕಾಗದ ಅಂತೀಯ. ಫೋನ್ ಮಾಡಿದರೆ ನೀನು ‘ಹ್ಞೂಂ, ಚೆನ್ನಾಗಿದೀನಿ’ ಅಂದು ಅಳಿಯಂದಿರ ಕೈಗೆ ಕೊಟ್ಟುಬಿಡುತ್ತೀಯ. ಪಾಪ, ಅವರು ನನ್ನ ಹತ್ತಿರ ಮಳೆ ಬೆಳೆಯ ಮಾತು ಎಷ್ಟು ಅಂತ ಆಡಿಯಾರು? ನಾನೇ ಬಂದರೆ ಕಾಫಿ ಕೊಟ್ಟು ಅಡುಗೆಮನೆ ಸೇರಿಕೊಳ್ಳುತ್ತೀಯ. ಹೋದ ಶಿವರಾತ್ರಿಗೆ ಮುಂಚೆ ಈ ಮನೆಯ ಹೊಸ್ತಿಲು ದಾಟಿ ಹೋದವಳು ಯುಗಾದಿಗೂ ಬರಲಿಲ್ಲ, ಗೌರಿಗೂ ಬರಲಿಲ್ಲ, ಮೊನ್ನೆ ಸಂಕ್ರಾಂತಿಗೂ ಬರಲಿಲ್ಲ. ಮಾಗಡಿ ಏನು ದೆಹಲಿಯೇ? ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯ ದಾರಿ. ನಿನ್ನನ್ನು ಹೇಗಾದರೂ ಮಾಡಿ ಈ ಮನೆಗೆ ಕರೆಸಿಕೊಳ್ಳಬೇಕು, ಅದಕ್ಕೇ ಈ ಕಾಗದ. ಆದರೆ ಮೊದಲು ನಗುವ ಸುದ್ದಿ ಹೇಳುತ್ತೇನೆ, ಓದು.

ನಮ್ಮ ಓವನ್ನಿನಿಂದ ದಿನಾ ಇಳಿಯುವ ಮೊದಲ ಟ್ರೇ ಮಾರುವುದಿಲ್ಲ ಅನ್ನುವುದು ನಿನಗೆ ಗೊತ್ತೇ ಇದೆ. ನಿಮ್ಮ ತಾತ ಕಣದಲ್ಲಿ ರಾಗಿ ರಾಶಿ ಮಾಡಿದರೆ, ಮನೆಗೆ ಒಂದು ಕಾಳು ಹೋಗುವ ಮೊದಲು ಬಂದವರಿಗೆಲ್ಲ ಮೊರ ತುಂಬಿ ಕೊಡುತ್ತಿದ್ದರು. ನನಗೆ ಕಣವಿಲ್ಲ, ಓವನ್ ಇದೆ, ಅಷ್ಟೇ ವ್ಯತ್ಯಾಸ. ಬನ್ನೋ, ರಾಗಿ ಬಿಸ್ಕತ್ತೋ, ಆ ಟ್ರೇಯಲ್ಲಿ ಇದ್ದದ್ದೆಲ್ಲ ಊರಾಚೆಯ ವೃದ್ಧಾಶ್ರಮಕ್ಕೆ. ಸಾಬೀರಣ್ಣನ ಆಟೋದಲ್ಲಿ ಹೋಗುತ್ತದೆ. ಬಾಡಿಗೆ ಎಷ್ಟು ಅಂತ ಕೇಳಿದರೆ ಅವನು, ‘ನಿಮ್ಗೊಬ್ರಿಗೇ ಏನಕ್ಕ ಪುಣ್ಯ ಬೇಕಿರೋದು?’ ಅಂತ ಜಗಳಕ್ಕೇ ಬರುತ್ತಾನೆ.

ದೀಪಾವಳಿಯ ದಿನ ಆಶ್ರಮಕ್ಕೆ ಹೋದವಳು, ಎಲ್ಲರೂ ಹೊಗಳಿದರು ಅಂತ ಪೂರಿಯ ಹಾಗೆ ಉಬ್ಬಿಬಿಟ್ಟೆ. ‘ಇನ್ನು ಮೇಲೆ ನಿಮ್ಮಲ್ಲಿ ಒಬ್ಬೊಬ್ಬರಿಗೂ ಅವರವರ ಹುಟ್ಟುಹಬ್ಬದ ದಿನ ಅವರವರದೇ ಕೇಕು, ಮೇಲೆ ಅವರವರದೇ ಹೆಸರು’ ಅಂದೆ. ಚಪ್ಪಾಳೆಯೋ ಚಪ್ಪಾಳೆ. ಕಾರ್ತಿಕ ಕಳೆಯಿತು, ಧನುರ್ಮಾಸ ಬಂತು, ಒಬ್ಬರದೂ ಹುಟ್ಟುಹಬ್ಬ ಬರಲಿಲ್ಲ. ನಾನೋ, ಕೆಲಸ ಹಗುರವಾಯಿತು ಅಂತ ನೆಮ್ಮದಿಯಾಗಿದ್ದೆ. ಡಿಸೆಂಬರ್ ಕೊನೆಯಲ್ಲಿ ಆಶ್ರಮ ನೋಡಿಕೊಳ್ಳುವ ಶೀಬಾ ಫೋನ್ ಮಾಡಿದಳು.

‘ಅಕ್ಕಾ, ಬಯ್ಬೇಡಿ. ನಮ್ಮಲ್ಲಿ ಎಲ್ಲಾರೂ ಒಂದೇ ದಿನ ಹುಟ್ಟವ್ರೆ. ಜನವರಿ ಒಂದು.’

ಆಧಾರ್ ಮಾಡಿಸುವಾಗ ಹುಟ್ಟಿದ ದಿನ ಗೊತ್ತಿಲ್ಲ ಅಂದವರಿಗೆಲ್ಲ ವಯಸ್ಸು ಅಂದಾಜು ಮಾಡಿ ಜನವರಿ ಒಂದು ಅಂತ ಹಾಕಿದ್ದಾರೆ. ಆಶ್ರಮಕ್ಕೆ ಆಶ್ರಮವೇ ಒಂದೇ ದಿನ ಹುಟ್ಟಿದೆ! ಅದೂ ಯಾವ ದಿನ? ಹೊಸ ವರ್ಷದ ಕೇಕಿಗೆ ಊರೆಲ್ಲ ನಮ್ಮ ಬಾಗಿಲಿಗೆ ಬರುವ ದಿನ. ಅತ್ತ ದರಿ ಇತ್ತ ಪುಲಿ. ನಿಮ್ಮಪ್ಪ ಆ ಮೊರದಗಲ ಕಿವಿಗೆ ಟವೆಲ್ ಸುತ್ತಿಕೊಂಡು ಆರಾಮಾಗಿ ಕೂತು ಬುದ್ಧಿ ಹೇಳಿದರು. ‘ದೊಡ್ದಾಗಿ ಒಂದ್ ಕೇಕ್ ಮಾಡಿ, ಮ್ಯಾಲೆ ಎಲ್ಲಾರ್ಗೂ ಅಂತ ಬರ್ದು ಕೊಟ್ಬುಡು ಕಣಮ್ಮಿ. ಯಾರ್ ಕೇಳ್ತಾರೆ?’

‘ನಾನ್ ಕೇಳ್ತೀನಿ’ ಅಂದೆ. ಮಾತು ಕೊಟ್ಟವಳು ನಾನಲ್ಲವೇ? ಆಟೋ ಹತ್ತಿ ಆಶ್ರಮಕ್ಕೆ ಹೋದೆ. ಶೀಬಾ ಎಲ್ಲರನ್ನೂ ಅಂಗಳದ ಬಿಸಿಲಿಗೆ ಕೂರಿಸಿದಳು. ‘ಆಧಾರ್ ಆಚೆಗಿಡಿ, ನಿಮ್ಮವ್ವ ನಿಮ್ಮನ್ನ ಯಾವಾಗ ಹೆತ್ತಿದ್ದಂತೆ, ಅದನ್ನ ಹೇಳಿ’ ಅಂದೆ.

ಅಯ್ಯೋ ಭಾನು, ನೀನಿರಬೇಕಿತ್ತು! ದಿನಾ ಬಾಯಿಗೆ ಬೀಗ ಹಾಕಿಕೊಂಡು ಕೂರುವವರೆಲ್ಲ ಒಟ್ಟಿಗೆ ಶುರು ಮಾಡಿದರು. ‘ಹುಚ್ಚೆಳ್ಳು ಹೂ ಬುಟ್ಟಿತ್ತಂತೆ, ಹೊಲ್ವೆಲ್ಲ ಹಳ್ದಿ’ ಅಂತ ಒಬ್ಬರು. ‘ಕಣ್ದಲ್ಲಿ ರಾಗಿ ತೂರ್ತಿದ್ದಾಗ ನಮ್ಮವ್ವಂಗೆ ನೋವು ಕಾಣಿಸ್ಕತಂತೆ, ಮೊರ ಕೆಳ್ಗಿಟ್ಟು ಹೆತ್ಲಂತೆ’ ಅಂತ ದೊಡ್ಡಲಕ್ಷ್ಮಮ್ಮ. ಇನ್ನೊಬ್ಬಜ್ಜಿ, ‘ರೇಷ್ಮೆ ಹುಳ ಮೇವು ಬುಟ್ಟು ಪೊರೆ ಕಳ್ಚೋ ಜ್ವರಕ್ಕೆ ಮಲ್ಗಿದ್ವಂತೆ’ ಅಂದರು. ಹುಳ ವರ್ಷವೆಲ್ಲ ಸಾಕುತ್ತಾರಲ್ಲಜ್ಜಿ, ಯಾವ ತಿಂಗಳು ಅಂತ ಕೇಳಿದರೆ, ‘ಅದ್ ನಂಗೇನ್ ಗೊತ್ತು? ಹುಳಾನೇ ಕೇಳು’ ಅಂತ ನನಗೇ ರೇಗಿದರು. ಅವರಿಗೆ ಯುಗಾದಿ ಅಂತ ನಾನೇ ಗೊತ್ತುಮಾಡಿದೆ. ಹೀಗೆ ಜನವರಿ ಒಂದರ ಗುಡ್ಡೆ ಕರಗಿ ವರ್ಷದ ತುಂಬಾ ಹರಡಿಕೊಂಡಿತು.

ಮುನಿಶಾಮಯ್ಯ ಒಬ್ಬರು ಮಾತ್ರ ಜಗ್ಗಲಿಲ್ಲ. ‘ಸರ್ಕಾರನೇ ಬರ್ದೈತೆ, ಜನವರಿ ಒಂದು ಅಂತ. ಸರ್ಕಾರದ್ ಮಾತ ಮೀರಕಾಯ್ತದಾ?’ ಅಂದರು. ಸರಿ, ಹೊಸ ವರ್ಷದ ದಿನ ಅವರಿಗೊಬ್ಬರಿಗೆ ಕೇಕು ಹೋಯಿತು. ವಾರ ಕಳೆಯುವುದರಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ‘ತಾಯಿ, ನಾನು ಅವರೆಕಾಯಿ ಕಾಲ್ದಾಗೆ ಹುಟ್ಟಿದ್ದಂತೆ, ಈಗ್ಲೇ ಅಲ್ವಾ?’ ಅಂತ ಪಿಸುಗುಟ್ಟಿದರು. ಮೊನ್ನೆ ತಿಂದಿರಲ್ಲ ಅಂದರೆ, ‘ಅದು ಸರ್ಕಾರದ್ದು, ಇದು ನಮ್ಮವ್ವಂದು!’ ಅಂತಾರೆ. ಆ ನಗುವಿಗೆ ಸೋತು ಇನ್ನೊಂದು ಮಾಡಿ ಕೊಟ್ಟೆ. ನಿಮ್ಮಪ್ಪನಿಗೆ ಹೇಳಬೇಡ.

ದೊಡ್ಡಲಕ್ಷ್ಮಮ್ಮನವರ ಕೇಕಿನ ಕಥೆಯೇ ಬೇರೆ. ಕ್ರೀಮಿನಲ್ಲಿ ಹೆಸರು ಬರೆಯುವುದರಲ್ಲಿ ನನ್ನ ಬಿಟ್ಟರಿಲ್ಲ ಅಂತ ಜಂಬವಿತ್ತು. ‘ದೊಡ್ಡ’ ಬರೆಯುವಷ್ಟರಲ್ಲೇ ಅರ್ಧ ಕೇಜಿ ಕೇಕು ಮುಗಿದುಹೋಯಿತು. ‘ಲಕ್ಷ್ಮಿ’ ಅಂಚಿನಿಂದ ಇಳಿದು, ‘ಅಮ್ಮ’ ಅಡಿಯ ರಟ್ಟಿನ ಮೇಲೆ ಬಂದು ಕೂತಳು. ಮೇಣದ ಬತ್ತಿ ಹಚ್ಚಿ, ಊದಜ್ಜಿ ಅಂದೆ. ‘ಉರಿಯೋ ದೀಪ ಊದಿ ಆರ್ಸೋದಾ? ಬುಡ್ತು ಅನ್ನು!’ ಅಂತ ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡರು. ಬತ್ತಿಯನ್ನು ಮೆಲ್ಲಗೆ ಕಿತ್ತು ದೇವರ ಪಟದ ಮುಂದೆ ನಿಲ್ಲಿಸಿದರು. ಈಗ ಅಲ್ಲಿ ಅದೇ ಪದ್ಧತಿ, ತಾನಾಗಿ ಆರುವ ತನಕ ಉರಿಯಬೇಕು. ನನಗೂ ಅದೇ ಸರಿ ಅನ್ನಿಸಿತು.

ಇನ್ನೊಬ್ಬರಿದ್ದಾರೆ, ಗಂಗಲಕ್ಷ್ಮಮ್ಮ. ಕನಕಪುರದ ಕಡೆಯವರು. ಅಂಗಳದಲ್ಲಿ ಅಷ್ಟು ಗಲಾಟೆಯಾದರೂ ತುಟಿ ಬಿಚ್ಚಲಿಲ್ಲ. ನಾನು ಹೊರಟಾಗ ಗೇಟಿನ ತನಕ ಬಂದು, ‘ಸಂಕ್ರಾಂತೀಲಿ ದನಕ್ಕೆ ಕಿಚ್ಚು ಹಾಯಿಸ್ತಾರಲ್ಲ, ಅದ್ರ ಮಾರ್ನೆ ದಿನ ನಂಗೆ ಕೊಡವ್ವ. ಹೆಸ್ರು ಮಾತ್ರ ಬರೀಬ್ಯಾಡ, ಖಾಲಿ ಬುಡು’ ಅಂದರು. ನಿಮ್ಮ ಹೆಸರು ಎಷ್ಟು ಉದ್ದವಿದ್ದರೂ ಈ ಸಲ ಹಿಡಿಸುತ್ತೇನೆ ಅಂದೆ. ಬೇಡ ಅಂದರೆ ಬೇಡ. ನನಗೆ ಒಳಗೊಳಗೇ ಸ್ವಲ್ಪ ಸಿಟ್ಟೇ ಬಂತು.

ಶುಕ್ರವಾರ ಬಿಳೀ ಕೇಕು ಖಾಲಿಯಾಗಿಯೇ ಒಯ್ದೆ. ಗಂಗಲಕ್ಷ್ಮಮ್ಮ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆಯುಟ್ಟು, ಹೂ ಮುಡಿದು ಕಾಯುತ್ತಿದ್ದರು. ತಾವೇ ಕತ್ತರಿಸಿ ಒಬ್ಬೊಬ್ಬರ ಬಾಯಿಗೂ ಇಟ್ಟರು. ಸಾಬೀರಣ್ಣನನ್ನು ಆಟೋದಿಂದ ಎಬ್ಬಿಸಿ ತಂದು ತಿನ್ನಿಸಿದರು. ಮುನಿಶಾಮಯ್ಯ ಎರಡನೇ ಸಲ ಬಾಯಿ ತೆರೆದಾಗ ಗಟ್ಟಿಯಾಗಿ ನಕ್ಕುಬಿಟ್ಟರು. ಅವರು ನಕ್ಕಿದ್ದನ್ನು ಶೀಬಾ ಇದೇ ಮೊದಲ ಸಲ ನೋಡಿದ್ದಂತೆ. ಆ ಸಂತೋಷದಲ್ಲಿ ನನಗೆ ದಾರಿಯುದ್ದಕ್ಕೂ ಹಸಿವೇ ಆಗಲಿಲ್ಲ.

ಇಷ್ಟು ಸುದ್ದಿ. ಅಳಿಯಂದಿರಿಗೆ ಖಾರದ ಬಿಸ್ಕತ್ತು ಕಟ್ಟಿ ಕಳಿಸುತ್ತಿದ್ದೇನೆ, ಡಬ್ಬ ಗಟ್ಟಿ ಮುಚ್ಚಿಡು, ಮೆತ್ತಗಾದೀತು. ವೇಳೆಗೆ ಸರಿಯಾಗಿ ಉಣ್ಣು, ಕಣ್ತುಂಬಾ ನಿದ್ದೆ ಮಾಡು. ನಿಮ್ಮ ಮನೆ ತುಂಬಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ ಅಂತ ಕಬ್ಬಾಳಮ್ಮನಿಗೆ ಕೈ ಮುಗಿದು ನಿಲ್ಲಿಸುತ್ತೇನೆ.

ನಿನ್ನ ಅಮ್ಮ,
ಮಾಯಮ್ಮ

ಮರೆತಿದ್ದೆ: ಮರೆತಿದ್ದೆ ಅಂದರೆ ಸುಳ್ಳು. ಬರೆಯಲು ಧೈರ್ಯ ಸಾಲದೆ ಬಿಸ್ಕತ್ತಿನ ಮಾತಾಡಿ ಸಹಿ ಹಾಕಿಬಿಟ್ಟೆ.

ಕೇಕು ಯಾಕೆ ಖಾಲಿ ಅಂತ, ಎಲ್ಲರೂ ಒಳಗೆ ಹೋದ ಮೇಲೆ ಗಂಗಲಕ್ಷ್ಮಮ್ಮ ಹೇಳಿದರು. ‘ನಾನ್ ಹುಟ್ಟಿದ್ ದಿನ ನಂಗೊತ್ತಿಲ್ಲ ಕಣವ್ವ. ಇದು ನನ್ ಮಗಿಂದು. ಹೆಣ್ಣು. ಹುಟ್ತು, ಅಳ್ನಿಲ್ಲ. ನಮ್ಮತ್ತೆ ಬಟ್ಟೇಲಿ ಸುತ್ತಿ ತಕೊಂಡೋದ್ಲು. ಹೆಸ್ರಿಡಕ್ಕೆ ಬುಡ್ನಿಲ್ಲ. ಮರ್ತ್ಬುಡು ಅಂದ್ರು. ಮರ್ಯಕ್ಕಾಯ್ತದಾ? ವರ್ಸ ವರ್ಸ ಒಬ್ಳೇ ನೆನ್ಸ್ಕಂಡು ಕೂತ್ಕತಿದ್ದೆ. ಈ ಸಲ ಅದ್ರ ಹೆಸ್ರಲ್ಲಿ ಎಲ್ಲಾರ್ ಬಾಯೂ ಸಿಹಿ ಆಯ್ತು.’

ಭಾನು, ಬರುವ ತಿಂಗಳು ಹನ್ನೊಂದಕ್ಕೆ ನಿನ್ನ ಮಗ ಹುಟ್ಟಿ ವರ್ಷವಾಗುತ್ತದೆ. ಹುಟ್ಟಿ ಅಂತಲೇ ಬರೆಯುತ್ತೇನೆ. ಉಸಿರಾಡಲಿಲ್ಲ, ಆದರೆ ಹುಟ್ಟಿದ. ಆಸ್ಪತ್ರೆಯಲ್ಲಿ ನಾನು ಅವನನ್ನು ಒಂದು ಗಳಿಗೆ ಎತ್ತಿಕೊಂಡಿದ್ದೆ, ನಿಮ್ಮಪ್ಪನದೇ ಕಿವಿ. ನಿನಗೆ ನೋವಾಗಬಾರದು ಅಂತ ಈ ಮನೆಯಲ್ಲಿ ಯಾರೂ ಅವನ ಮಾತೆತ್ತಲಿಲ್ಲ. ಅವನ ಮಾತೇ ಇಲ್ಲದ ಮನೆಗೆ ನೀನು ಹೇಗೆ ಬಂದೀಯ?

ಅವತ್ತು ನಾನು ಬೇರೆ ಆರ್ಡರ್ ಹಿಡಿದಿಲ್ಲ. ಮೊದಲ ಟ್ರೇಯಲ್ಲಿ ಅವನ ಕೇಕು. ಆಶ್ರಮದಲ್ಲಿ ಎಲ್ಲರೂ ಕಾಯುತ್ತಾರೆ, ದೀಪವನ್ನು ಯಾರೂ ಊದುವುದಿಲ್ಲ. ಬಾ ಮಗಳೇ. ನೀನು ಅವನಿಗೆ ಏನು ಹೆಸರಿಡಬೇಕು ಅಂತಿದ್ದೆ, ನನಗೆ ಹೇಳು. ಎಷ್ಟು ಉದ್ದವಿದ್ದರೂ ಹಿಡಿಸುತ್ತೇನೆ.